ಮಂಡಿ, ಪಟ್ಟಿ ಮತ್ತು ಬಿಸ್ಕತ್ತಿನ ಡಬ್ಬಿ

ಜನವರಿ 9

ಗುಬ್ಬಿ,

ಐವತ್ತೆರಡು ವರ್ಷದ ಗಂಡಸನ್ನು ಗುಬ್ಬಿ ಎಂದು ಕರೆಯಬಾರದಂತೆ, ನಿನ್ನ ಹೆಂಡತಿಯ ಅಪ್ಪಣೆ. ಅವಳಿಗೆ ಹೇಳು: ನಾನು ನಿನಗೆ ಮೊದಲ ಅಂಗಿ ಹೊಲಿದಾಗ ನಿನ್ನ ಎದೆಯ ಸುತ್ತಳತೆ ಹದಿನೆಂಟು ಇಂಚು. ನನ್ನ ಕಣ್ಣಿಗೆ ನೀನು ಇವತ್ತಿಗೂ ಅಷ್ಟೇ ಇದ್ದೀಯ.

ಫೋನ್ ಬಿಟ್ಟು ಕಾಗದ ಯಾಕೆ ಅಂದರೆ, ನನ್ನ ಬಲಗಿವಿ ಪೂರ್ತಿ ಕೈಕೊಟ್ಟಿದೆ, ಎಡಗಿವಿಯೂ ಅದರ ದಾರಿಯನ್ನೇ ಹಿಡಿದಿದೆ. ಫೋನಿನಲ್ಲಿ ನಾನು ಕಿರುಚುವುದನ್ನು ಕೇಳಿ ಪಕ್ಕದ ಮನೆಯವರು ನನಗೂ ನಿನ್ನ ಭಾವನಿಗೂ ಜಗಳ ಅಂದುಕೊಳ್ಳುತ್ತಾರೆ. ಪಾಪ, ಆ ಮನುಷ್ಯ ಪೇಪರಿನಿಂದ ತಲೆ ಎತ್ತಿದರೆ ತಾನೇ ಜಗಳ.

ವಿಷಯ ಇಷ್ಟೇ. ಬಲಮಂಡಿ ಬದಲಾಯಿಸಬೇಕಂತೆ. ಮೂಳೆ ಡಾಕ್ಟರಮ್ಮ ಎಕ್ಸ್-ರೇ ಫಿಲ್ಮನ್ನು ಬೆಳಕಿಗೆ ಹಿಡಿದು, "ಮಧ್ಯದ ಮೆತ್ತೆ ಸವೆದೇ ಹೋಗಿದೆಯಲ್ಲಮ್ಮ, ಮೂಳೆಗೆ ಮೂಳೆ ತಿಕ್ತಾ ಇದೆ" ಅಂದರು. ಹೊಲಿಗೆ ಅಂಗಡಿಯ ಯಜಮಾನರು ಬೇರೆ ಒಂದು ತಿಂಗಳಿನಿಂದ ರಾಗ ಎಳೆಯುತ್ತಿದ್ದಾರೆ. ಆಗಸ್ಟಿನಲ್ಲಿ ಹಬ್ಬದ ಬಟ್ಟೆಗಳ ಕೆಲಸ ಶುರುವಾಗುತ್ತದೆ. ಅಷ್ಟರಲ್ಲಿ ನಾನು ದಿನವಿಡೀ ನಿಲ್ಲುವ ಹಾಗಾಗದಿದ್ದರೆ ಕತ್ತರಿಸುವ ಮೇಜಿಗೆ ಬೇರೆಯವರನ್ನು ಹಾಕಿ, ನನ್ನನ್ನು ಮೂಲೆಯಲ್ಲಿ ಕೂರಿಸಿ ಗುಂಡಿ ಹೊಲಿಸುತ್ತಾರಂತೆ. ನಲವತ್ತು ವರ್ಷ ಕತ್ತರಿ ಹಿಡಿದ ಕೈಗೆ ಗುಂಡಿ! ಅದಕ್ಕಿಂತ ಮಂಡಿ ಕೊಯ್ಯಿಸಿಕೊಳ್ಳುವುದೇ ಮೇಲು ಅನ್ನಿಸಿತು.

ಮಾರ್ಚ್ ಐದಕ್ಕೆ ದಿನ ಕೊಟ್ಟಿದ್ದಾರೆ. ಆದರೆ ನನ್ನ ಮೈಯಲ್ಲಿ ರಕ್ತ ಕಡಿಮೆಯಂತೆ, ಹಿಮೋಗ್ಲೋಬಿನ್ ಒಂಬತ್ತು ಪಾಯಿಂಟ್ ಎಂಟು. ಹನ್ನೆರಡಕ್ಕೆ ಬರದೆ ಕತ್ತಿ ಮುಟ್ಟುವುದಿಲ್ಲ ಅಂದರು. ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಬೇರೆ ಏನೇನು ಮಾತ್ರೆ ತಗೋತೀರಿ ಎಂದು ಕೇಳಿದರು. ಏನೂ ಇಲ್ಲ ಅಂದೆ.

ನೀನು ಮೂವತ್ತು ವರ್ಷದಿಂದ ಆಪರೇಷನ್ ಕೋಣೆಯಲ್ಲೇ ಇದ್ದೀಯ, ಅಲ್ಲಿ ಏನು ಮಾಡುತ್ತೀಯ ಎಂದು ನಾನು ಒಂದು ದಿನವೂ ಕೇಳಿದವಳಲ್ಲ. ಈಗ ಕೇಳುತ್ತಿದ್ದೇನೆ. ಮಂಡಿ ಕೊಯ್ದರೆ ಎಷ್ಟು ರಕ್ತ ಹೋಗುತ್ತದೆ? ನಿಜ ಹೇಳು. ಬೆರಳಿಗೆ ಸೂಜಿ ಚುಚ್ಚಿದರೆ ನನಗೆ ಏನೂ ಅನ್ನಿಸುವುದಿಲ್ಲ, ಆದರೆ ಇದು ಯಾಕೋ ಹೆದರಿಕೆ.

ನೀನು ಕಳಿಸಿದ್ದ ಬಿಸ್ಕತ್ತಿನ ಡಬ್ಬಿ ಇನ್ನೂ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಇದೆ.

ಒಂಟಿಕಾಲಿನ ಕೊಕ್ಕರೆ,
ನಿನ್ನ ಅಕ್ಕ


ಜನವರಿ 17

ಅಕ್ಕಾ,

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ ಓದಿ ನಾನೊಬ್ಬನೇ ನಕ್ಕೆ. ನರ್ಸಮ್ಮ "ಯಾರದ್ದು ಸರ್, ಲವ್ ಲೆಟರಾ?" ಅಂದರು. ಅಕ್ಕನದ್ದು ಅಂದೆ. ಅವರ ಮುಖ ಸಪ್ಪಗಾಯಿತು.

ನನ್ನ ಕೆಲಸ ಕೇಳಿದ್ದೀಯ. ಬೆಳಿಗ್ಗೆ ರೋಗಿಯನ್ನು ಒಳಗೆ ಕರೆದುಕೊಳ್ಳುವ ಮುಂಚೆ ಪಟ್ಟಿ ಹಿಡಿದು ಪ್ರಶ್ನೆ ಕೇಳುವವನು ನಾನೇ. ಹೆಸರೇನು, ಯಾವ ಕಾಲು, ಹಲ್ಲಿನ ಸೆಟ್ ತೆಗೆದಿದ್ದೀರಾ, ಏನೇನು ಮಾತ್ರೆ ತಗೋತೀರಿ. ಆಮೇಲೆ ತೊಡೆಗೆ ಹತ್ತಿ ಸುತ್ತಿ, ಅದರ ಮೇಲೆ ಗಾಳಿ ತುಂಬುವ ಪಟ್ಟಿ ಕಟ್ಟುತ್ತೇನೆ. ಕಾಲನ್ನು ಮೇಲಕ್ಕೆತ್ತಿ ರಕ್ತವನ್ನು ಹಿಂದಕ್ಕೆ ಇಳಿಸಿ, ಗಾಳಿ ತುಂಬಿದರೆ ಕೆಳಗಿನ ಕಾಲಿಗೆ ರಕ್ತ ಬರುವುದೇ ನಿಂತುಹೋಗುತ್ತದೆ. ಡಾಕ್ಟರು ಒಣ ಜಾಗದಲ್ಲಿ ಕೆಲಸ ಮಾಡಬಹುದು. ನಾನು ಗಡಿಯಾರ ನೋಡುತ್ತಾ ನಿಮಿಷ ಕೂಗುತ್ತೇನೆ, ಹೊತ್ತು ಮೀರಿ ಬಿಗಿದರೆ ನರಕ್ಕೆ ಪೆಟ್ಟು. ಪಟ್ಟಿ ಸಡಿಲ ಇರಬಾರದು, ಸುಕ್ಕು ಇರಬಾರದು, ಸುಕ್ಕಾದರೆ ಚರ್ಮದ ಮೇಲೆ ಬೊಬ್ಬೆ ಏಳುತ್ತದೆ. ನಿನ್ನ ಕೈಯಲ್ಲಿ ಕಲಿತ ಅಳತೆ ಇದು, ನೆನಪಿದೆಯಾ? ಸೊಂಟಪಟ್ಟಿ ಸುಕ್ಕಾದರೆ ತಲೆಗೆ ಮೊಟಕುತ್ತಿದ್ದೆ.

ಇದರ ಜೊತೆಗೆ ಈಗ ಒಂದು ಔಷಧಿ ಇದೆ, ಕಟ್ಟಿದ ಹೆಪ್ಪು ಬೇಗ ಕರಗದ ಹಾಗೆ ನೋಡಿಕೊಳ್ಳುತ್ತದೆ. ಕೊಯ್ಯುವ ಮುಂಚೆ ಸೂಜಿಯಲ್ಲಿ ಕೊಡುತ್ತಾರೆ. ಮೈ ತಣ್ಣಗಾದರೂ ರಕ್ತ ಜಾಸ್ತಿ ಹೋಗುತ್ತದೆ, ಅದಕ್ಕೆ ಬೆಚ್ಚಗಿನ ಗಾಳಿಯ ಹೊದಿಕೆ. ಮೊದಲು ಪ್ರತಿಯೊಬ್ಬರಿಗೂ ಎರಡು ಬಾಟಲಿ ರಕ್ತ ಏರಿಸುತ್ತಿದ್ದೆವು. ಈಗ ಹತ್ತರಲ್ಲಿ ಒಬ್ಬರಿಗೂ ಬೇಕಾಗುವುದಿಲ್ಲ. ಆದರೆ ಇದೆಲ್ಲ ಮೈಯಲ್ಲಿ ಸಾಕಷ್ಟು ರಕ್ತ ಇಟ್ಟುಕೊಂಡು ಬಂದವರಿಗೆ ಅಕ್ಕಾ. ಕಬ್ಬಿಣದ ಮಾತ್ರೆ ತಪ್ಪಿಸಬೇಡ. ನಿನ್ನನ್ನು ನಾನು ಬಲ್ಲೆ.

ತೊಡೆಯ ಅಳತೆ ತೆಗೆದು ಕಳಿಸು. ಯಾವ ಪಟ್ಟಿ ಹಾಕಬೇಕು ಎಂದು ನಾನೇ ನಿನ್ನ ಡಾಕ್ಟರಿಗೆ ಬರೆದುಕೊಡುತ್ತೇನೆ.

ಗುಬ್ಬಿ


ಫೆಬ್ರವರಿ 2

ಗುಬ್ಬಿ,

ತೊಡೆ ಇಪ್ಪತ್ತೊಂದು ಇಂಚು, ಮಂಡಿಯಿಂದ ಒಂದು ಗೇಣು ಮೇಲೆ. ಟೇಪ್ ಹಿಡಿದಿದ್ದು ನಿನ್ನ ಭಾವ. ಮದುವೆಯಾಗಿ ಮೂವತ್ತೈದು ವರ್ಷಕ್ಕೆ ಹೆಂಡತಿಯ ಅಳತೆ ತೆಗೆದರು, ಅದೂ ಕನ್ನಡಕ ಹುಡುಕಿಕೊಂಡು.

ಆದರೆ ನಿನ್ನ ಪಟ್ಟಿಗೆ ಇಲ್ಲಿ ಕೆಲಸ ಇಲ್ಲವಂತೆ. ನೀನು ನನಗೆ ಬರೆದ ಕಾಗದವನ್ನೇ ತೋರಿಸಿದೆ. ಡಾಕ್ಟರಮ್ಮ ಓದಿ, "ತುಂಬಾ ಚೆನ್ನಾಗಿ ಬರೆದಿದಾರೆ, ಆದ್ರೆ ನಾನು ಪಟ್ಟಿ ಕಟ್ಟದೇನೇ ಮಾಡೋದು. ರಕ್ತ ಎಲ್ಲಿಂದ ಬರತ್ತೆ ಅಂತ ಕಣ್ಣಿಗೆ ಕಾಣತ್ತೆ, ಕಂಡ ಕಂಡ ಹಾಗೆ ಸುಟ್ಟು ಮುಚ್ಕೋತಾ ಹೋಗ್ತೀನಿ. ಆಮೇಲೆ ತೊಡೆ ನೋವೂ ಕಡಿಮೆ" ಅಂದರು. ನನಗೆ ನಿಮ್ಮಿಬ್ಬರ ಜಗಳ ಬೇಡ. ಎರಡು ಕಡೆ ಹೊಲಿಗೆಯವರು ಇದ್ದರೆ ಬಟ್ಟೆ ಹರಿಯುವುದು ಗ್ಯಾರಂಟಿ.

ಮಾತ್ರೆ ತಪ್ಪದೆ ನುಂಗುತ್ತಿದ್ದೇನೆ. ಹೇಳಲು ನಾಚಿಕೆ, ಆದರೂ ನೀನು ಇಂಥದ್ದನ್ನೆಲ್ಲ ನೋಡಿದವನು. ಬೆಳಿಗ್ಗೆ ಹೊರಕ್ಕೆ ಹೋದರೆ ಕರ್ರಗೆ, ಟಾರಿನ ಹಾಗೆ. ಇದು ಸರಿಯಾ?

ಅಂಗಡಿಗೆ ದಿನಾ ಹೋಗುತ್ತಿದ್ದೇನೆ. ಆರು ಗಂಟೆ ನಿಲ್ಲುತ್ತೇನೆ. ಹೇಗೆ ಅಂತ ಮಾತ್ರ ಕೇಳಬೇಡ.

ಅಕ್ಕ


ಫೆಬ್ರವರಿ 10

ಅಕ್ಕಾ,

ಪಟ್ಟಿ ಕಟ್ಟದೆ ಮಾಡುತ್ತಾರಂತೆ! ಮೂವತ್ತು ವರ್ಷ ನಾನು ಮಾಡಿದ್ದು ಹಾಗಾದರೆ ಏನು, ರಿಬ್ಬನ್ ಕಟ್ಟುವ ಕೆಲಸವಾ? ಇರಲಿ. ನಮ್ಮಲ್ಲೂ ಈಗ ಹೊಸದಾಗಿ ಬಂದವರೊಬ್ಬರು ಹಾಗೇ ಮಾಡುತ್ತಾರೆ. ಅವರ ಸರದಿ ಇದ್ದ ದಿನ ನಾನು ಗಡಿಯಾರ ನೋಡದೆ ಗೋಡೆ ನೋಡುತ್ತಾ ನಿಂತಿರುತ್ತೇನೆ. ಆದರೆ ನೀನು ನನ್ನ ಅಕ್ಕ. ಕಟ್ಟಿಯೇ ಮಾಡಿ ಎಂದು ಗಟ್ಟಿಯಾಗಿ ಹೇಳು.

ಕಪ್ಪಗಾಗುವುದು ಕಬ್ಬಿಣದ ಮಾತ್ರೆಯಿಂದ. ಎಲ್ಲರಿಗೂ ಆಗುತ್ತದೆ, ತಲೆ ಕೆಡಿಸಿಕೊಳ್ಳಬೇಡ.

ಗುಬ್ಬಿ


ಮಾರ್ಚ್ 1

ಗುಬ್ಬಿ,

ಒಂಬತ್ತು ಪಾಯಿಂಟ್ ನಾಲ್ಕು. ಏರುವುದು ಹೋಗಲಿ, ಇಳಿದಿದೆ. ಆಪರೇಷನ್ ಮುಂದಕ್ಕೆ ಹಾಕಿದರು. ಎಲ್ಲಿಯ ತನಕ ಎಂದು ಹೇಳಲಿಲ್ಲ.

ಡಾಕ್ಟರಮ್ಮ ಬಯ್ಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಮುಖ ನೋಡಿದರು. ನೋವಿಗೆ ಏನಾದ್ರೂ ನುಂಗ್ತೀರಾ ಎಂದು ಇನ್ನೊಂದು ಸಲ ಕೇಳಿದರು. ಇಲ್ಲ ಎಂದು ಇನ್ನೊಂದು ಸಲ ಹೇಳಿದೆ.

ಯಜಮಾನರು ಮೇಜಿಗೆ ಒಬ್ಬಳನ್ನು ನೋಡಿಟ್ಟಿದ್ದಾರೆ. ನಿನ್ನೆ ಬಂದು ನನ್ನ ಕತ್ತರಿಯನ್ನು ಕೈಯಲ್ಲಿ ಹಿಡಿದು ತೂಕ ನೋಡಿದಳು.

ಅಕ್ಕ


ಮಾರ್ಚ್ 7

ಅಕ್ಕಾ,

ಓದಿ ಪಿತ್ತ ನೆತ್ತಿಗೇರಿತು. ಏಳು ವಾರ ಕಬ್ಬಿಣ ನುಂಗಿದವರಿಗೆ ಇಳಿಯುವುದು ಎಂದರೇನು? ನೀನು ನುಂಗುತ್ತಿಲ್ಲ, ಅಷ್ಟೇ. ಚಿಕ್ಕವಳಿದ್ದಾಗ ಜ್ವರದ ಮಾತ್ರೆಯನ್ನು ಹಾಸಿಗೆಯ ಕೆಳಗೆ ತುರುಕುತ್ತಿದ್ದವಳು ನೀನೇ, ಅಮ್ಮ ಹಾಸಿಗೆ ಕೊಡವಿದಾಗ ಹನ್ನೊಂದು ಮಾತ್ರೆ ಸಿಕ್ಕಿತ್ತು. ಅರವತ್ತಾದರೂ ಬುದ್ಧಿ ಬರಲಿಲ್ಲವಾ? ನಾನು ಇಲ್ಲಿ ಕೂತು ರಾಮಾಯಣ ಬರೆದು ಕಳಿಸಿದ್ದು ಯಾರಿಗಾಗಿ? ಡಾಕ್ಟರಿಗೆ ಸುಳ್ಳು ಹೇಳಿಕೊಂಡು ಓಡಾಡುವವರಿಗೆ ಯಾವ ಪಟ್ಟಿಯೂ ಸಹಾಯ ಮಾಡುವುದಿಲ್ಲ, ಯಾವ ಔಷಧಿಯೂ ಮಾಡುವುದಿಲ್ಲ. ಗುಂಡಿ ಹೊಲಿಯುತ್ತಾ ಕೂರಬೇಕು ಎಂದಿದ್ದರೆ ಹಾಗೇ ಮಾಡು.

ತಮ್ಮ


ಮಾರ್ಚ್ 29

ತಮ್ಮ,

ಮೂರು ವಾರ ಬರೆಯಲಿಲ್ಲ. ಬರೆಯಲು ಕೂತರೆ ಬಾಯಿಗೆ ಬಂದಿದ್ದೆಲ್ಲ ಕಾಗದಕ್ಕೆ ಬಂದೀತು ಎಂದು ಸುಮ್ಮನಿದ್ದೆ.

ಕಬ್ಬಿಣದ ಮಾತ್ರೆಯ ಖಾಲಿ ಹಾಳೆಗಳನ್ನೆಲ್ಲ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಎಣಿಸಿಕೋ. ಒಂದು ಗುಳ್ಳೆಯೂ ಒಡೆಯದೆ ಉಳಿದಿಲ್ಲ. ನಾನು ಸುಳ್ಳಿ ಅಲ್ಲ ಎನ್ನುವುದಿಲ್ಲ, ಆದರೆ ಈ ವಿಷಯದಲ್ಲಿ ಅಲ್ಲ.

ಅಷ್ಟೆಲ್ಲ ತಿಳಿದವನು, ಇದನ್ನೂ ತಿಳಿಸು. ಕಪ್ಪಗಾಗುವುದು ಕಬ್ಬಿಣದಿಂದ ಅಂದೆ. ಕಬ್ಬಿಣ ಶುರುವಾಗಿದ್ದು ಜನವರಿಯಲ್ಲಿ. ನನಗೆ ಆಗೊಮ್ಮೆ ಈಗೊಮ್ಮೆ ಹೋದ ವರ್ಷದಿಂದಲೇ ಹಾಗಿತ್ತು. ವಯಸ್ಸಾಯಿತು ಅಂದುಕೊಂಡಿದ್ದೆ.

ಮೇಜಿಗೆ ಬಂದವಳು ತೋಳಿನ ಸುತ್ತು ತಪ್ಪು ಕತ್ತರಿಸಿ ಎರಡು ಥಾನು ಹಾಳು ಮಾಡಿದಳು. ನೋಡಿ ನನಗೆ ಖುಷಿಯಾಗಲಿಲ್ಲ. ಬಟ್ಟೆ ಏನು ಪಾಪ ಮಾಡಿತ್ತು?

ಅಕ್ಕ


ಏಪ್ರಿಲ್ 2

ಅಕ್ಕಾ,

ಹೋದ ವರ್ಷದಿಂದಲೇ ಎಂದು ಓದಿದವನೇ ಊಟ ಬಿಟ್ಟು ಎದ್ದೆ. ಭಾವನಿಗೆ ಫೋನ್ ಮಾಡಿದ್ದೇನೆ. ಈ ಕಾಗದ ನಿನ್ನ ಕೈ ಸೇರುವುದರೊಳಗೆ ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿರುತ್ತಾರೆ. ಹೊಟ್ಟೆಯೊಳಗೆ ಎಲ್ಲೋ ರಕ್ತ ಒಸರುತ್ತಿದೆ ಅಕ್ಕಾ. ಇದನ್ನು ಫೆಬ್ರವರಿಯಲ್ಲೇ ಕೇಳಬೇಕಾಗಿದ್ದವನು ನಾನು.

ನಿನ್ನ ಕಾಲಿಗೆ ಬೀಳುತ್ತೇನೆ, ಒಂದು ಮಾತು ನಿಜ ಹೇಳು. ಕಬ್ಬಿಣ ಬಿಟ್ಟು ಇನ್ನೇನು ನುಂಗುತ್ತಿದ್ದೀಯ? ಆರು ಗಂಟೆ ಹೇಗೆ ನಿಲ್ಲುತ್ತಿದ್ದೀಯ?

ಗುಬ್ಬಿ


ಏಪ್ರಿಲ್ 4

ಗುಬ್ಬಿ,

ಕಾಲಿಗೆ ಬೀಳುತ್ತೇನೆ ಎಂದು ಬರೆಯಬೇಡ. ಆ ಕಾಲೇ ಸರಿ ಇಲ್ಲ. ನಿನ್ನ ಭಾವ ನಿನ್ನೆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು, ಹೊಟ್ಟೆಯೊಳಗೆ ಕೊಳವೆ ಬಿಟ್ಟು ನೋಡಬೇಕಂತೆ.

ನಿನ್ನ ಡಬ್ಬಿಯ ಮಾತ್ರೆಯಲ್ಲಿ ನಿಲ್ಲುತ್ತಿದ್ದೇನೆ.

ಮೂರು ವರ್ಷದ ಹಿಂದೆ ನಾನು ಅಂಗಡಿಯ ಮೆಟ್ಟಿಲಿನಲ್ಲಿ ಬಿದ್ದಾಗ ನೀನು ಪಾರ್ಸೆಲ್ ಕಳಿಸಿದ್ದೆ. ಬಿಸ್ಕತ್ತಿನ ಡಬ್ಬಿ, ಒಳಗೆ ನೋವಿನ ಮಾತ್ರೆ. ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದ್ದೆ: "ಬೆಳಿಗ್ಗೆ ಒಂದು, ಸಂಜೆ ಒಂದು, ಊಟ ಆದ ಮೇಲೆ. ನಾನು ಬರುವ ತನಕ." ನೀನು ಹೇಳಿದ ಹಾಗೇ ನುಂಗಿದೆ. ಡಬ್ಬಿ ಖಾಲಿಯಾದಾಗ ಮಾತ್ರೆಯ ಹಾಳೆಯನ್ನು ಬೀದಿ ಕೊನೆಯ ಔಷಧಿ ಅಂಗಡಿಯಲ್ಲಿ ತೋರಿಸಿ ಅದೇ ತಂದು ತುಂಬಿಸಿಕೊಂಡೆ. ನೀನು ಬರಲಿಲ್ಲ. ನಾನು ನಿಲ್ಲಿಸಲಿಲ್ಲ.

ಡಾಕ್ಟರಮ್ಮ ಕೇಳಿದಾಗ ಯಾಕೆ ಹೇಳಲಿಲ್ಲ ಎನ್ನುತ್ತೀಯ. ಮೊದಲನೇ ಸಲ ನಿಜವಾಗಿಯೂ ಅದು ಮಾತ್ರೆ ಎಂದು ತೋಚಲೇ ಇಲ್ಲ. ಅದು ತಮ್ಮ ಕೊಟ್ಟಿದ್ದು. ಎರಡನೇ ಸಲ ತೋಚಿತು. ಆದರೆ ಆ ಡಬ್ಬಿ ಸುತ್ತಿದ್ದ ಕಾಗದದ ಮೇಲೆ ನಿನ್ನ ಆಸ್ಪತ್ರೆಯ ಮೊಹರು ಇತ್ತು. ಆಸ್ಪತ್ರೆಯ ಕಪಾಟಿನಿಂದ ಅಕ್ಕನಿಗೆ ಅಂತ ಎತ್ತಿಕೊಂಡಿದ್ದಾನೆ, ನಾನು ಬಾಯಿ ಬಿಟ್ಟರೆ ಇವನ ಕೆಲಸಕ್ಕೆ ಕುತ್ತು ಎಂದು ನಾಲಿಗೆ ಕಚ್ಚಿಕೊಂಡೆ. ಇನ್ನಾರೇಳು ವರ್ಷಕ್ಕೆ ನಿನಗೆ ನಿವೃತ್ತಿ ಬೇರೆ. ನೀನು ನನ್ನನ್ನು ಸುಳ್ಳಿ ಎಂದು ಬೈದು ಬರೆದಾಗಲೂ ಹೇಳಿಬಿಡೋಣ ಅನ್ನಿಸಿತು. ಕಾಗದ ಯಾರ ಕೈಗಾದರೂ ಸಿಕ್ಕರೆ ಎಂದು ಹರಿದು ಹಾಕಿದೆ.

ಇದನ್ನು ಓದಿ ಸುಟ್ಟುಬಿಡು.

ಅಕ್ಕ


ಏಪ್ರಿಲ್ 8

ಅಕ್ಕಾ,

ಸುಡುವುದಿಲ್ಲ. ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮಾತ್ರೆ ಕದ್ದಿದ್ದಲ್ಲ ಅಕ್ಕಾ. ನನ್ನ ಬೆನ್ನುನೋವಿಗೆ ಅಂತ ಅಂಗಡಿಯಲ್ಲಿ ಕೊಂಡಿದ್ದು. ಮೊಹರಿದ್ದ ಕಾಗದ ರದ್ದಿ ಫಾರಂ, ಪಾರ್ಸೆಲ್ ಸುತ್ತಲು ಬೇರೇನೂ ಸಿಗಲಿಲ್ಲ. ಅಷ್ಟಕ್ಕೆ ನೀನು ನನ್ನನ್ನು ಕಳ್ಳ ಅಂದುಕೊಂಡೆ, ಕಳ್ಳ ಅಂದುಕೊಂಡೂ ಕಾಪಾಡಿದೆ, ನಾನು ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಎಲ್ಲಿ ಮುಖ ಇಟ್ಟುಕೊಳ್ಳಲಿ?

ಹೋದ ವರ್ಷ ನಮ್ಮಲ್ಲಿ ಒಬ್ಬ ಅಜ್ಜಿಗೆ ಮಂಡಿ ಮಾಡುವಾಗ ರಕ್ತ ನಿಲ್ಲಲೇ ಇಲ್ಲ. ಪಟ್ಟಿ ಬಿಚ್ಚಿದ್ದೇ ತಡ, ಬಟ್ಟೆಯ ಮೇಲೆ ಬಟ್ಟೆ ನೆನೆಯಿತು. ಮೂರು ಬಾಟಲಿ ಏರಿಸಿ ಉಳಿಸಿಕೊಂಡೆವು. ಆಮೇಲೆ ಅವರ ಚೀಲದಲ್ಲಿ ಮಾತ್ರೆ ಸಿಕ್ಕಿತು, ನಿನ್ನ ಡಬ್ಬಿಯಲ್ಲಿರುವ ಜಾತಿಯದ್ದೇ. ಅದು ಹೊಟ್ಟೆಯನ್ನೂ ಕೆರೆಯುತ್ತದೆ, ರಕ್ತವನ್ನು ಹೆಪ್ಪುಗಟ್ಟಲೂ ಬಿಡುವುದಿಲ್ಲ. ಬೆಳಿಗ್ಗೆ ಪ್ರಶ್ನೆಗಳ ಪಟ್ಟಿ ಹಿಡಿದು ಅವರನ್ನು ಕೇಳಿದವನು ನಾನೇ. ಇಲ್ಲ ಅಂದರು, ಇಲ್ಲ ಎಂದು ಬರೆದುಕೊಂಡೆ. ಅದನ್ನು ನಿನಗೆ ಹೇಳಿರಲಿಲ್ಲ. ಆ ಹೆದರಿಕೆಯಲ್ಲೇ ನಿನ್ನ ಮೇಲೆ ಎಗರಾಡಿದೆ. ಊರಿನವರನ್ನೆಲ್ಲ ದಿನಾ ಬೆಳಿಗ್ಗೆ ಕೇಳುವವನು ಮೂರು ವರ್ಷದಲ್ಲಿ ಅಕ್ಕನನ್ನು ಒಂದು ಸಲ ಕೇಳಲಿಲ್ಲ.

ಈ ಕಾಗದವನ್ನು ಡಾಕ್ಟರಿಗೆ ತೋರಿಸು. ಮಾತ್ರೆಯ ಹೆಸರು ಕಾಗದದ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಕೊಟ್ಟವನು ನಾನು ಎಂದೂ ಬರೆದಿದ್ದೇನೆ. ಭಾವನಿಗೂ ಫೋನಿನಲ್ಲಿ ಹೇಳಿದ್ದೇನೆ, ಇವತ್ತಿನಿಂದಲೇ ನಿಲ್ಲಿಸು.

ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನಾನು ಬರುವ ತನಕ ಎಂದು ಬರೆದಿದ್ದೆನಲ್ಲ, ಬರುತ್ತಿದ್ದೇನೆ.

ಗುಬ್ಬಿ


ಜೂನ್ 23

ಗುಬ್ಬಿ,

ಎದ್ದು ಕೂತು ಬರೆಯುತ್ತಿದ್ದೇನೆ. ಕಾಲಿನ ಮೇಲೆ ದಿಂಬು, ದಿಂಬಿನ ಮೇಲೆ ಹಲಗೆ. ನೀನು ಏಪ್ರಿಲ್‌ನಲ್ಲಿ ಬಂದು ಎರಡು ದಿನ ನನ್ನ ಮುಖ ನೋಡಿಕೊಂಡು ಕೂತೆಯಲ್ಲ, ಅದರಿಂದಲೇ ಅರ್ಧ ವಾಸಿಯಾಯಿತು. ಇನ್ನರ್ಧಕ್ಕೆ ಹೊಟ್ಟೆಯ ಹುಣ್ಣಿನ ಔಷಧಿ, ನರಕ್ಕೆ ಹಾಕಿದ ಕಬ್ಬಿಣ. ಒಂದು ಕಡೆ ಬಿಚ್ಚಿಕೊಳ್ಳುತ್ತಿದ್ದರೆ ಇನ್ನೊಂದು ಕಡೆ ಎಷ್ಟು ಹೊಲಿದರೇನು ಎಂದು ಡಾಕ್ಟರಮ್ಮನಿಗೆ ನಾನೇ ಹೇಳಿದೆ. ಹನ್ನೆರಡು ಪಾಯಿಂಟ್ ಮೂರಕ್ಕೆ ಬಂದ ದಿನ ಅವರು ಪೆನ್ನಿನ ಮುಚ್ಚಳ ತೆಗೆದರು.

ಆಪರೇಷನ್ನಿಗೆ ನೀನು ಬರುವುದು ಬೇಡ ಎಂದಿದ್ದು ಒಳ್ಳೆಯದೇ ಆಯಿತು. ಬಂದಿದ್ದರೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಪಾಠ ಮಾಡುತ್ತಿದ್ದೆ. ಬೆಳಿಗ್ಗೆ ನಿನ್ನ ಹಾಗೇ ಒಬ್ಬರು ಪಟ್ಟಿ ಹಿಡಿದು ಬಂದು ಏನೇನು ಮಾತ್ರೆ ತಗೋತೀರಿ ಅಂದರು. ಗಂಟಲಿಗೆ ಹಾಕಿಕೊಳ್ಳುವ ಪೆಪ್ಪರ್‌ಮಿಂಟಿನ ತನಕ ಎಲ್ಲಾ ಹೇಳಿದೆ. ಅವರ ಹಾಳೆ ಸಾಲಲಿಲ್ಲ.

ಸೊಂಟದ ಕೆಳಗೆ ಮರಗಟ್ಟಿಸಿದ್ದರು, ನಾನು ಅರ್ಧ ಎಚ್ಚರದಲ್ಲಿದ್ದೆ. ಬಡಿಯುವುದು, ಕೊರೆಯುವುದು ಕೇಳುತ್ತಿತ್ತು, ಪಕ್ಕದಲ್ಲಿ ಬಡಗಿ ಕೆಲಸ ನಡೆದ ಹಾಗೆ. ನನ್ನ ಕಿವಿಗೇ ಕೇಳಿತು ಎಂದರೆ ನೋಡು. ಬೆಚ್ಚಗಿನ ಹೊದಿಕೆ ಹೊದಿಸಿದ್ದರು. ಪಟ್ಟಿ ಕಟ್ಟಲಿಲ್ಲ. ಕೊನೆಗೆ ಹೊಸ ಕೀಲಿಗೆ ಅಂಟು ಹಾಕುವಾಗ ಮಾತ್ರ ಕಟ್ಟಿದರು. ಆಮೇಲೆ ಡಾಕ್ಟರಮ್ಮ ವಾರ್ಡಿಗೆ ಬಂದು ಜೋರಾಗಿ, "ನಿಮ್ಮ ತಮ್ಮನಿಗೆ ಹೇಳಿ, ಹದಿಮೂರು ನಿಮಿಷ ಅವರ ಪಟ್ಟಿಗೂ ಕೆಲಸ ಕೊಟ್ಟಿದೀನಿ" ಅಂದರು. ವಾರ್ಡಿಗೆ ವಾರ್ಡೇ ತಿರುಗಿ ನೋಡಿತು.

ಹೋದ ರಕ್ತ ಒಂದೂವರೆ ಲೋಟವಂತೆ. ಮಾರನೇ ದಿನ ಹತ್ತು ಪಾಯಿಂಟ್ ಒಂಬತ್ತು. ಬಾಟಲಿ ಏರಿಸಲೇ ಇಲ್ಲ. ನಿನ್ನ ಭಾವ ಮಾತ್ರ ಬೇಜಾರಾಗಿದ್ದಾರೆ. ನನಗಾಗಿ ಎಂದು ಒಂದು ಬಾಟಲಿ ಕೊಟ್ಟು ಬಂದಿದ್ದರು, ಅದು ಯಾರಿಗೋ ಹೋಯಿತಂತೆ.

ಎಂಟು ಹೆಜ್ಜೆ ನಡೆದೆ. ಯಜಮಾನರು ನೋಡಲು ಬಂದಿದ್ದರು, ಹಣ್ಣು ತಂದಿದ್ದರು. ಮೇಜು ಖಾಲಿ ಇದೆ ಅಂದರು. ಕತ್ತರಿಗೆ ಎಣ್ಣೆ ಬಿಟ್ಟಿಡಿ ಅಂದೆ.

ಡಬ್ಬಿಯಲ್ಲಿ ಈಗ ಗುಂಡಿ ತುಂಬಿಟ್ಟಿದ್ದೇನೆ. ಚೀಟಿ ಮಾತ್ರ ಕೀಳಲಿಲ್ಲ.

ಎರಡು ಕಾಲಿನ ಅಕ್ಕ


ಜುಲೈ 14

ಅಕ್ಕಾ,

ಹದಿಮೂರು ನಿಮಿಷದ ವಿಷಯ ಇಲ್ಲಿ ಎಲ್ಲರಿಗೂ ಹೇಳಿದೆ. ನರ್ಸಮ್ಮ ನಕ್ಕೂ ನಕ್ಕೂ ಸುಸ್ತಾದರು.

ಈಗ ನನ್ನ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿಕೊಂಡಿದ್ದೇನೆ. ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ, ಅಂಚಿನಲ್ಲಿ ಬರೆಯುತ್ತೇನೆ. ಮೊದಲು ಏನೇನು ಮಾತ್ರೆ ತಗೋತೀರಿ ಎಂದು ಕೇಳುತ್ತೇನೆ. ಇಲ್ಲ ಅಂದರೆ ಪೆನ್ನು ಕೆಳಗಿಟ್ಟು, "ಮನೆಯವರು ಯಾರಾದ್ರೂ ಏನಾದ್ರೂ ಕೊಟ್ಟಿದ್ದು ಇದೆಯಾ?" ಎಂದು ಕೇಳಿ ಸುಮ್ಮನೆ ಕಾಯುತ್ತೇನೆ. ಒಂದು ತಿಂಗಳು ಎಲ್ಲರೂ ಇಲ್ಲ ಅಂದರು. ಹಿಂದೆ ನಿಂತ ನರ್ಸುಗಳು ಇವನಿಗೆ ಬೇರೆ ಕೆಲಸ ಇಲ್ಲ ಅಂದುಕೊಂಡಿರಬೇಕು.

ನಿನ್ನೆ ಒಬ್ಬ ಮುದುಕರು ಬಂದಿದ್ದರು, ಎಡಮಂಡಿ. ನಿವೃತ್ತ ಪೋಸ್ಟ್‌ಮ್ಯಾನ್. ಮಾತ್ರೆ ಇಲ್ಲ ಅಂದರು. ನನ್ನ ಎರಡನೇ ಪ್ರಶ್ನೆ ಕೇಳಿದೆ. ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ತಲೆದಿಂಬಿನ ಕೆಳಗೆ ಕೈ ಹಾಕಿ, ಕರವಸ್ತ್ರದಲ್ಲಿ ಕಟ್ಟಿದ್ದ ಮಾತ್ರೆಯ ಹಾಳೆಯನ್ನು ತೆಗೆದು ತೋರಿಸಿದರು. ನಿನ್ನದ್ದೇ ಮಾತ್ರೆ ಅಕ್ಕಾ, ಅದೇ ಬಣ್ಣ.

"ಇದು ಮಾತ್ರೆ ಅಲ್ಲಪ್ಪ, ನನ್ನ ಮಗಳು ಕೊಟ್ಟಿದ್ದು. ಇದನ್ನೂ ಹೇಳ್ಬೇಕಾ?" ಅಂದರು.

ಹಾಳೆಯನ್ನು ಕೈಗೆ ತೆಗೆದುಕೊಂಡೆ. ಹೇಳಬೇಕು ಅಜ್ಜ ಅಂದೆ. ಆಪರೇಷನ್ ಮೂರು ವಾರ ಮುಂದಕ್ಕೆ ಹೋಯಿತು, ಡಾಕ್ಟರು ಗೊಣಗಿದರು, ಮುದುಕರು ನನ್ನನ್ನೇ ಬೈದರು. ಬೈಸಿಕೊಂಡೆ. ಆಮೇಲೆ ಮಗಳ ನಂಬರ್ ಕೇಳಿ ಹೊರಗೆ ಬಂದು ಫೋನ್ ಮಾಡಿದೆ. ಹೆದರಿಬಿಟ್ಟಳು, ನಾನು ಏನು ತಪ್ಪು ಮಾಡಿದೆ ಅಂದಳು. ಏನೂ ತಪ್ಪು ಮಾಡಿಲ್ಲಮ್ಮ, ಒಂದು ಸಲ ಬಂದು ನೋಡಿಕೊಂಡು ಹೋಗು ಅಂದೆ.

ಆಗಸ್ಟ್ ಒಂದಕ್ಕೆ ನಾನೂ ಬರುತ್ತೇನೆ. ನೀನು ಮೇಜಿನ ಮುಂದೆ ನಿಲ್ಲುವುದನ್ನು ನೋಡಬೇಕು.

ಗುಬ್ಬಿ